ಹಳೆಯ ಕಾರಿನ ಮೈಲೇಜ್ ತಪಾಸಣೆ: ಕೂಳೂರಿನ ಈ ಗ್ಯಾರೇಜಿನ ಬಗ್ಗೆ

ಹಳೆಯ ಪೆಟ್ರೋಲ್ ಕಾರು ಮೈಲೇಜ್ ಕೊಡುತ್ತಿಲ್ಲವೆಂದು ಗ್ಯಾರೇಜಿಗೆ ಹೋದವರ ಕೈಗೆ ಹೆಚ್ಚಿನ ಕಡೆ ಸಿಗುವುದು ಬಿಡಿಭಾಗಗಳ ಒಂದು ಪಟ್ಟಿ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್, ಆಕ್ಸಿಜನ್ ಸೆನ್ಸರ್ ಎಂದು ಒಂದೊಂದನ್ನೇ ಬದಲಿಸುತ್ತ ಹೋಗುವುದು, ಯಾವುದಾದರೊಂದರಲ್ಲಿ ಸರಿಹೋದರೆ ಹೋಯಿತು, ಇಲ್ಲವಾದರೆ ಮುಂದಿನದು. ಮಂಗಳೂರಿನ ಕೂಳೂರಿನಲ್ಲಿರುವ ಈ ಗ್ಯಾರೇಜಿನವರು ಆ ದಾರಿ ಹಿಡಿಯುವುದಿಲ್ಲ. ಅವರು ಮೊದಲು ಅಳೆಯುತ್ತಾರೆ, ಅಳತೆಯಲ್ಲಿ ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿಗೆ ಮಾತ್ರ ಸ್ಪ್ಯಾನರ್ ಹಾಕುತ್ತಾರೆ, ಅಳೆದದ್ದಕ್ಕೆ ಪ್ರತ್ಯೇಕವಾಗಿ ಹಣ ಕೇಳುತ್ತಾರೆ. ಹೀಗೆ ತಪಾಸಣೆಗೆ ಬೇರೆಯಾಗಿ ಹಣ ಪಡೆಯುವುದೇ ಇಲ್ಲಿನ ಕೆಲಸದ ಗುಣಕ್ಕೆ ಮೂಲವೆಂದು ನನಗೆ ಅನ್ನಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನದು 2011ರ ಮಾದರಿಯ, ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಮುಂದೆ ಹೇಳುವ ತೊಂದರೆಗಳು ಆ ವಯಸ್ಸಿನ ಯಾವ ಕಾರಿಗಾದರೂ, ಅದರಲ್ಲಿಯೂ ಕರಾವಳಿಯ ಮಳೆಯಲ್ಲಿ ಓಡಿದ ಕಾರಿಗೆ, ಬರುವಂಥವೇ. ಕೊಟ್ಟಾರದಿಂದ ಸುರತ್ಕಲ್ಲಿಗೆ ಕೆಲಸಕ್ಕೆ ಹೋಗಿಬರುವುದು, ರಜೆಯಲ್ಲಿ ಉಡುಪಿಯ ಕಡೆಗೆ ಹೋಗುವುದು, ಎಂದಾದರೊಮ್ಮೆ ಶಿರಾಡಿ ಘಾಟಿ ಹತ್ತುವುದು, ಇಷ್ಟೇ ಅದರ ಓಟ. 2022ರಲ್ಲಿ ನಾನು ಬರೆದಿಟ್ಟಿದ್ದ ಲೆಕ್ಕದ ಪ್ರಕಾರ ಈ ಓಟದಲ್ಲಿ ಲೀಟರಿಗೆ 15.5 ಕಿಲೋಮೀಟರ್ ಬರುತ್ತಿತ್ತು. ಅದು ನಿಧಾನವಾಗಿ ಇಳಿಯುತ್ತ ಬಂದು, ಕಳೆದ ಮಳೆಗಾಲದಲ್ಲಿ 12ಕ್ಕಿಂತಲೂ ಕೆಳಗೆ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಉರಿದಿರಲಿಲ್ಲ, ಪಿಕಪ್ ಕಡಿಮೆಯಾದ ಅನುಭವವಿರಲಿಲ್ಲ, ಹೊಗೆಯೂ ಇರಲಿಲ್ಲ. ಇಲ್ಲಿಗೆ ಬರುವ ಮೊದಲು ತೋರಿಸಿದ ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ತೆಗೆದು ಎಂಜಿನ್ನಿನ ಸದ್ದು ಕೇಳಿ, ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಭಾಗ) ಬದಲಾವಣೆ, ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಕ್ಲೀನಿಂಗ್ ಮತ್ತು ಡೀಕಾರ್ಬನೈಸಿಂಗ್ (ಎಂಜಿನ್ನಿನೊಳಗೆ ಕಟ್ಟಿದ ಮಸಿ ತೆಗೆಯುವುದು) ಸೇರಿಸಿ ಹದಿನಾಲ್ಕು ಸಾವಿರ ರೂಪಾಯಿ ದಾಟುವ ಎಸ್ಟಿಮೇಟ್ ಕೊಟ್ಟಿದ್ದರು. ಆ ಮೂರರಲ್ಲಿ ಯಾವುದು ಕೆಟ್ಟಿದೆ, ಕೆಟ್ಟಿದೆಯೆಂದು ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಗೆ, ಹಳೆಯ ಗಾಡಿಗೆ ಇವೆಲ್ಲ ಮಾಡಿಸಲೇಬೇಕು ಎಂಬ ಉತ್ತರ ಬಂತು. ಅದು ನನಗೆ ಉತ್ತರವಾಗಿ ಕಾಣಲಿಲ್ಲ.

ಈ ಗ್ಯಾರೇಜು ರಾಷ್ಟ್ರೀಯ ಹೆದ್ದಾರಿ 66ರಿಂದ ಒಳಗೆ, ಕೂಳೂರು ಸೇತುವೆಗೆ ಹೋಗುವ ಮುಂಚೆ ಸಿಗುವ ಒಂದು ಅಡ್ಡರಸ್ತೆಯಲ್ಲಿದೆ. ಶೀಟ್ ಹಾಕಿದ ಮಾಡಿನ ಕೆಳಗೆ ಮೂರು ಗಾಡಿ ನಿಲ್ಲುವಷ್ಟು ಜಾಗ. ಯಜಮಾನರು, ಅವರ ಜೊತೆಗೆ ಇಬ್ಬರು ಹುಡುಗರು. ದೂರನ್ನು ಕೇಳಿದ ಮೇಲೆ ಯಜಮಾನರು ಹೇಳಿದ್ದು ಇಷ್ಟು: "ಬಾನೆಟ್ ಆಮೇಲೆ ತೆಗೆಯುವ ಸರ್. ಗಾಡಿ ನಿಜವಾಗಿ ಎಷ್ಟು ಕೊಡ್ತಾ ಉಂಟು ಅಂತ ಮೊದಲು ಗೊತ್ತಾಗಬೇಕಲ್ಲ. ಟ್ಯಾಂಕ್ ಫುಲ್ ಮಾಡಿ, ಮೀಟರ್ ಬರೆದುಕೊಂಡು, ಅರ್ಧ ಖಾಲಿಯಾದ ಮೇಲೆ ಅದೇ ಬಂಕಿನಲ್ಲಿ ಪುನಃ ಫುಲ್ ಮಾಡಿ ಬನ್ನಿ." ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ನಿಲ್ಲಿಸುವ ದಿಕ್ಕೂ ಅದೇ, ನಾಝಲ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಬೇಕು, ರೌಂಡ್ ಮೊತ್ತಕ್ಕಾಗಿ ಮೇಲಿಂದ ಮೇಲೆ ಒತ್ತಿಸಬಾರದು ಎಂದು ಬಿಡಿಸಿ ಹೇಳಿದರು. ನೆಲ ಒಂದಿಷ್ಟು ಓರೆಯಾಗಿದ್ದರೂ ಟ್ಯಾಂಕಿನಲ್ಲಿ ಒಂದೆರಡು ಲೀಟರಿನ ವ್ಯತ್ಯಾಸ ಬರಬಹುದು, ಇಪ್ಪತ್ತು ಲೀಟರಿನ ಲೆಕ್ಕದಲ್ಲಿ ಎರಡು ಲೀಟರ್ ತಪ್ಪಿದರೆ ಹತ್ತು ಶೇಕಡಾ ತಪ್ಪಿದಂತೆ. ಮೈಲೇಜ್ ಬಗ್ಗೆ ನಾವು ಮಾಡುವ ಎಷ್ಟೋ ಚರ್ಚೆಗಳು ಈ ಹತ್ತು ಶೇಕಡಾದ ಒಳಗೇ ನಡೆಯುತ್ತವೆ.

ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದರು. ಹೆದ್ದಾರಿಯಲ್ಲಿ ಹೋಗುವಾಗ ಮೊಬೈಲಿನ ಜಿಪಿಎಸ್ ತೋರಿಸುವ ದೂರವನ್ನೂ ಕಾರಿನ ಓಡೋಮೀಟರ್ ತೋರಿಸುವ ದೂರವನ್ನೂ ಹೋಲಿಸಿ ಬರೆದುಕೊಳ್ಳಬೇಕು. ಕಾರಣ ನನಗೆ ಆಗ ಹೊಳೆಯಲಿಲ್ಲ, ಆದರೆ ಅವರು ಟೈರಿನ ಪಕ್ಕದ ಬರಹವನ್ನು ಆಗಲೇ ಓದಿಕೊಂಡಿದ್ದರು. ಕಾರಿಗೆ ಕಂಪನಿ ಕೊಟ್ಟ ಸೈಜು 145/80 ಆರ್ 13. ಹಿಂದಿನ ಸಲ ಟೈರ್ ಹಾಕಿಸುವಾಗ ಅಂಗಡಿಯವರ ಸಲಹೆಯಂತೆ ಬಂದದ್ದು 155/80 ಆರ್ 13. ಹತ್ತು ಮಿಲಿಮೀಟರ್ ಅಗಲವೆಂದು ಹೇಳುವ ಈ ಟೈರ್ ಎತ್ತರದಲ್ಲಿಯೂ ಬೆಳೆದಿರುತ್ತದೆ, ಏಕೆಂದರೆ 80 ಎಂಬ ಅಂಕಿ ಅಗಲದ ಶೇಕಡಾವಾರು ಎತ್ತರವನ್ನು ಸೂಚಿಸುತ್ತದೆ. ಲೆಕ್ಕ ಹಾಕಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 562 ಮಿಲಿಮೀಟರಿನಿಂದ 578ಕ್ಕೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ 2.8 ಶೇಕಡಾ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಓಡೋಮೀಟರ್ ಮಾತ್ರ ಹಳೆಯ ಲೆಕ್ಕದಲ್ಲಿಯೇ ಎಣಿಸುತ್ತದೆ. ಮುಲ್ಕಿಯವರೆಗೆ ಹೋಗಿ ಬರೆದುಕೊಂಡ ಅಂಕಿಗಳಲ್ಲಿಯೂ ಅಷ್ಟೇ ವ್ಯತ್ಯಾಸ ಕಂಡಿತು. ಹಾಗಾಗಿ ನಾನು ಕಳೆದುಕೊಂಡೆನೆಂದು ತಿಳಿದಿದ್ದ ಮೈಲೇಜಿನಲ್ಲಿ ಒಂದು ಭಾಗ ಕಳೆದೇ ಇರಲಿಲ್ಲ. ಮೀಟರ್ ಅದನ್ನು ಎಣಿಸುತ್ತಿರಲಿಲ್ಲ. ಎಂಜಿನ್ನನ್ನು ಮುಟ್ಟುವ ಮೊದಲೇ ಇದನ್ನು ತಿಳಿಸಿಕೊಟ್ಟ ಗ್ಯಾರೇಜನ್ನು ನಾನು ಇಷ್ಟರವರೆಗೆ ಕಂಡಿರಲಿಲ್ಲ.

ಎರಡನೆಯ ಭೇಟಿಯಲ್ಲಿ ಫುಲ್ ಟ್ಯಾಂಕ್ ಲೆಕ್ಕ 11.8 ಎಂದು ಖಚಿತವಾದ ಮೇಲೆ ಅವರು ಮೊದಲು ಕೂತದ್ದು ಚಕ್ರದ ಹತ್ತಿರ. ಟೈರಿನ ಗಾಳಿ 30 ಪಿಎಸ್‌ಐ ಇರಬೇಕಾದಲ್ಲಿ ನಾಲ್ಕರಲ್ಲಿಯೂ 24ರ ಆಸುಪಾಸಿನಲ್ಲಿತ್ತು. ಅಮೆರಿಕದ ಇಂಧನ ಇಲಾಖೆ ಕೊಡುವ ಲೆಕ್ಕದಂತೆ ನಾಲ್ಕು ಟೈರಿನ ಸರಾಸರಿ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜಿನಲ್ಲಿ ಸುಮಾರು 0.2 ಶೇಕಡಾ ನಷ್ಟ. ಆರು ಪಿಎಸ್‌ಐಗೆ ಒಂದು ಶೇಕಡಾಕ್ಕಿಂತ ತುಸು ಹೆಚ್ಚು. ಗಾಳಿ ಕಡಿಮೆಯಾದರೆ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆಂಬಂತೆ ಮಾತಾಡುವವರಿದ್ದಾರೆ, ಅಷ್ಟೇನೂ ಇಲ್ಲ. ಟೈರ್ ಸವೆಯುವುದಕ್ಕೆ ಮತ್ತು ಮಳೆಯಲ್ಲಿ ಹಿಡಿತಕ್ಕೆ ಅದು ಮುಖ್ಯ, ಇಂಧನದ ಲೆಕ್ಕದಲ್ಲಿ ಸಣ್ಣದು.

ಬ್ರೇಕ್ ಹಾಗಲ್ಲ. ಸುರತ್ಕಲ್ ಕಡೆಗೆ ಒಂದು ಓಟ ಓಡಿಸಿ, ವಾಪಸು ಬರುವಾಗ ಕೊನೆಯ ಭಾಗದಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಬಂದು ನಿಲ್ಲಿಸಿದೊಡನೆ, ಹುಡುಗನೊಬ್ಬ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಚಕ್ರದ ಸಂದಿನಿಂದ ಡಿಸ್ಕಿನ ಬಿಸಿ ಅಳೆದ. ಬಲ ಮುಂದಿನ ಡಿಸ್ಕ್ 71 ಡಿಗ್ರಿ, ಎಡ ಮುಂದಿನದು 134. ಜ್ಯಾಕ್ ಹಾಕಿ, ಗೇರ್ ನ್ಯೂಟ್ರಲ್ ಇಟ್ಟು ಕೈಯಿಂದ ತಿರುಗಿಸಿದಾಗ ಬಲದ ಚಕ್ರ ಒಂದೆರಡು ಸುತ್ತು ಹೋಗಿ ನಿಂತರೆ, ಎಡದ್ದು ಅರ್ಧ ಸುತ್ತಿನಲ್ಲಿ ಉಜ್ಜುವ ಸದ್ದು ಮಾಡಿ ನಿಂತಿತು. ಬಿಚ್ಚಿ ತೋರಿಸಿದರು: ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿಹಿಡಿಯುವ ಕ್ಯಾಲಿಪರ್ ಜಾರಬೇಕಾದ ಪಿನ್ನಿನ ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸ್ ತೊಳೆದುಹೋಗಿ, ಪಿನ್ನಿನ ಮೇಲೆ ಕೆಂಪು ತುಕ್ಕು ಪುಡಿಪುಡಿಯಾಗಿ ಕೂತಿತ್ತು. ಬ್ರೇಕ್ ಒತ್ತಿದಾಗ ಒಳಗಿನ ಪಿಸ್ಟನ್ ಪ್ಯಾಡನ್ನು ಮುಂದೆ ತಳ್ಳುತ್ತದೆ, ಕಾಲು ತೆಗೆದಾಗ ಕ್ಯಾಲಿಪರ್ ಆ ಪಿನ್ನಿನ ಮೇಲೆ ಹಿಂದೆ ಸರಿದು ಪ್ಯಾಡನ್ನು ಸಡಿಲ ಬಿಡಬೇಕು. ಪಿನ್ ಹಿಡಿದುಕೊಂಡರೆ ಹೊರಗಿನ ಪ್ಯಾಡ್ ಡಿಸ್ಕಿಗೆ ಸದಾ ತಾಗಿಕೊಂಡೇ ಇರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಇರುವ ಊರಿನಲ್ಲಿ ಇದು ಸಾಮಾನ್ಯ ಸಂಗತಿ. ಬಯಲುಸೀಮೆಯ ಕಾರುಗಳಿಗಾಗಿ ಬರೆದ ಸರ್ವಿಸ್ ಪಟ್ಟಿಯಲ್ಲಿ ಬ್ರೇಕ್ ಕ್ಲೀನಿಂಗ್ ವರ್ಷಕ್ಕೊಮ್ಮೆ ಎಂದಿದ್ದರೆ, ಇಲ್ಲಿ ಮಳೆಗಾಲ ಮುಗಿದೊಡನೆ ಕಡ್ಡಾಯವಾಗಿ ಮಾಡಿಸಬೇಕೆಂದು ಅವರು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಿಂದಿನ ಡ್ರಮ್ಮುಗಳನ್ನೂ ಹ್ಯಾಂಡ್‌ಬ್ರೇಕ್ ಕೇಬಲನ್ನೂ ನೋಡಿದರು, ಅವು ಸರಿಯಿದ್ದವು.

ನಂತರ ಎಂಜಿನ್ನಿನ ಸರದಿ. ಆಗಲೂ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಜೋಡಿಸುವ ಮೊದಲು ಹಳೆಯ ಎಮಿಷನ್ ಚೀಟಿಗಳಿದ್ದರೆ ಕೊಡಿ ಎಂದರು. ವಿಮೆಯ ಕಾಗದದೊಡನೆ ಇಟ್ಟುಕೊಂಡು ನಾವೆಲ್ಲ ಪೊಲೀಸರಿಗೆ ತೋರಿಸಲಿಕ್ಕೆ ಮಾತ್ರ ಎಂದುಕೊಳ್ಳುವ ಆ ಚೀಟಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾವಾರು ಮತ್ತು ಹೈಡ್ರೋಕಾರ್ಬನ್ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಎಂಬ ಎರಡು ಅಂಕಿಗಳಿರುತ್ತವೆ. ಬಿಎಸ್ 3 (ಭಾರತ್ ಸ್ಟೇಜ್, ಅಂದರೆ ಹೊಗೆಯ ಮಾಲಿನ್ಯದ ಸರ್ಕಾರಿ ಮಾನದಂಡದ ಮೂರನೆಯ ಹಂತ) ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಇವುಗಳ ಮಿತಿ 0.5 ಶೇಕಡಾ ಮತ್ತು 750 ಪಿಪಿಎಂ, ಬಿಎಸ್ 4ಕ್ಕೆ 0.3 ಮತ್ತು 200. ಪಾಸ್ ಆಗಿದೆಯೇ ಎಂದು ನೋಡುವುದಕ್ಕಿಂತ ವರ್ಷದಿಂದ ವರ್ಷಕ್ಕೆ ಅಂಕಿ ಏರುತ್ತಿದೆಯೇ ಎಂದು ನೋಡಬೇಕು ಎಂಬುದು ಅವರ ಕ್ರಮ. ಪೆಟ್ರೋಲ್ ಹೆಚ್ಚಾಗಿ ಸುರಿದು ಅರೆಬೆಂದು ಹೋಗುತ್ತಿದ್ದರೆ ಮೊನಾಕ್ಸೈಡ್ ಏರುತ್ತದೆ, ಒಂದು ಸಿಲಿಂಡರ್ ಸರಿಯಾಗಿ ಫೈರ್ ಆಗದಿದ್ದರೆ ಹೈಡ್ರೋಕಾರ್ಬನ್ ಏರುತ್ತದೆ. ನನ್ನ ಚೀಟಿಗಳಲ್ಲಿ ಎರಡೂ ಕೆಳಗೇ ಇದ್ದವು. ಇಷ್ಟರಿಂದಲೇ ಎಂಜಿನ್ ಚೆನ್ನಾಗಿದೆಯೆಂದು ಅವರು ಹೇಳಲಿಲ್ಲ, ಏಕೆಂದರೆ ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸಣ್ಣ ದೋಷಗಳನ್ನು ಶುದ್ಧಮಾಡಿ ಮುಚ್ಚಿಹಾಕಬಲ್ಲದು. ಆದರೂ ಇಂಜೆಕ್ಟರ್ ಸೋರುತ್ತಿದೆ ಎಂಬ ಊಹೆಗೆ ಬೆಂಬಲವಿಲ್ಲವೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು.

ಸ್ಕ್ಯಾನರಿನ ಬಗ್ಗೆ ಹಳೆಯ ಕಾರಿನವರು ತಿಳಿದಿರಬೇಕಾದ ಒಂದು ವಿಷಯವಿದೆ. ಭಾರತದಲ್ಲಿ ಬಿಎಸ್ 4 ಕಾರುಗಳಿಗೆ ಓಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ತಿಳಿಸುವ ವ್ಯವಸ್ಥೆ) ಮೊದಲ ಹಂತ 2010ರ ಏಪ್ರಿಲಿನಿಂದಲೂ, ಎರಡನೆಯ ಹಂತ 2013ರ ಏಪ್ರಿಲಿನಿಂದಲೂ ಕಡ್ಡಾಯವಾಯಿತು. ಬಿಎಸ್ 4 ಕೂಡ ಮೊದಲು ದೊಡ್ಡ ನಗರಗಳಿಗೆ ಮಾತ್ರ ಬಂದು, ದೇಶಕ್ಕೆಲ್ಲ ಅನ್ವಯವಾದದ್ದು 2017ರಲ್ಲಿ. ಹಾಗಾಗಿ 2013ಕ್ಕಿಂತ ಹಳೆಯ ಕಾರಿನಲ್ಲಿ ಸ್ಟೀಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಕಂಡರೂ, ಮೊಬೈಲಿಗೆ ಬ್ಲೂಟೂತಿನಲ್ಲಿ ಜೋಡಿಸುವ ಅಗ್ಗದ ಸ್ಕ್ಯಾನರ್ ಅದರೊಡನೆ ಮಾತಾಡುತ್ತದೆಂಬ ಭರವಸೆಯಿಲ್ಲ. ನನ್ನ ಕಾರಿನಲ್ಲಿ ಅದು ಕನೆಕ್ಟ್ ಆಗುತ್ತಿರಲಿಲ್ಲ. ಈ ಗ್ಯಾರೇಜಿನಲ್ಲಿ ಕಂಪನಿವಾರು ಸಾಫ್ಟ್‌ವೇರ್ ಇರುವ ಸ್ಕ್ಯಾನರ್ ಇದೆ, ಅದರಲ್ಲಿ ಫಾಲ್ಟ್ ಕೋಡ್ ಮಾತ್ರ ಓದಿ ಮುಗಿಸದೆ ಲೈವ್ ಡೇಟಾ ನೋಡುತ್ತ ರಸ್ತೆಯಲ್ಲಿ ಓಡಿಸುತ್ತಾರೆ. ಕೋಡ್ ಒಂದೂ ಇರಲಿಲ್ಲ. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಎಂದು ಗಾಡಿ ವಾಪಸು ಕೊಡುವ ಕಡೆಗಳೂ ಇವೆ, ಆದ್ದರಿಂದ ಈ ವ್ಯತ್ಯಾಸವನ್ನು ಎತ್ತಿ ಹೇಳುತ್ತಿದ್ದೇನೆ.

ಹುಡುಗ ಹಿಂದಿನ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು ಕೂತ, ಯಜಮಾನರು ಓಡಿಸಿದರು, ನಾನು ಪಕ್ಕದಲ್ಲಿದ್ದೆ. ಸೇತುವೆ ದಾಟಿ ಪಣಂಬೂರಿನ ಕಡೆಗೆ ಹೋಗುವಾಗ ಕೂಲೆಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಉಷ್ಣತೆ 64ರಿಂದ 67 ಡಿಗ್ರಿಯಲ್ಲಿ ನಿಂತುಬಿಟ್ಟಿತು. ಬಂದರಿನ ಲಾರಿಗಳ ಸಾಲಿನ ಹಿಂದೆ ನಿಂತಾಗ ನಿಧಾನವಾಗಿ 78ರವರೆಗೆ ಏರಿತು, ರಸ್ತೆ ತೆರವಾಗಿ ವೇಗ ಹಿಡಿದೊಡನೆ ಮತ್ತೆ ಇಳಿಯಿತು. "ನೋಡಿ, ಗಾಳಿ ಸಿಕ್ಕಿದ ಕೂಡಲೇ ತಣ್ಣಗಾಗ್ತದೆ. ಇದಕ್ಕೆ ಬಿಸಿ ಆಗ್ಲಿಕ್ಕೇ ಬಿಡುವುದಿಲ್ಲ," ಎಂದರು. ಥರ್ಮೋಸ್ಟ್ಯಾಟ್ ಎಂಬ ಬಾಗಿಲು ಎಂಜಿನ್ ತಣ್ಣಗಿರುವಾಗ ಮುಚ್ಚಿದ್ದು, ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನಿನೊಳಗೇ ಸುತ್ತಿಸಬೇಕು. ಎಂಬತ್ತು ಡಿಗ್ರಿ ದಾಟಿದ ಮೇಲೆ ಅದರೊಳಗಿನ ಮೇಣ ಹಿಗ್ಗಿ ಬಾಗಿಲು ತೆರೆಯಬೇಕು. ಅದು ತೆರೆದ ಸ್ಥಿತಿಯಲ್ಲಿಯೇ ಹಿಡಿದುಕೊಂಡರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ತಿಳಿಯುತ್ತದೆ, ಚಳಿಗೆ ಕೊಡುವ ಹೆಚ್ಚುವರಿ ಪೆಟ್ರೋಲನ್ನು ಪೂರ್ತಿಯಾಗಿ ನಿಲ್ಲಿಸುವುದಿಲ್ಲ. ಆಯಿಲ್ ದಪ್ಪವಾಗಿಯೇ ಉಳಿದು ಘರ್ಷಣೆಯೂ ಹೆಚ್ಚು. ಬಿಸಿ ಹೆಚ್ಚಾದರೆ ಎಲ್ಲರೂ ಓಡಿಬರುತ್ತಾರೆ, ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಸೆಕೆಯ ಊರಿನಲ್ಲಿ ಎಂಜಿನ್ ತಣ್ಣಗಿದ್ದರೆ ಒಳ್ಳೆಯದೇ ಎಂದು ಥರ್ಮೋಸ್ಟ್ಯಾಟನ್ನೇ ತೆಗೆದು ಬಿಸಾಡಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಬಿಚ್ಚಿದ ಥರ್ಮೋಸ್ಟ್ಯಾಟನ್ನು ಅವರು ಟ್ಯೂಬ್‌ಲೈಟಿನ ಎದುರಿಗೆ ಹಿಡಿದರು. ಕೈಗೆ ತಣ್ಣಗಿದ್ದ ಅದರ ತಟ್ಟೆಗೂ ಅಂಚಿಗೂ ನಡುವೆ ಬಿದಿಗೆ ಚಂದ್ರನಂತೆ ಒಂದು ಬೆಳಕಿನ ಗೆರೆ ಕಾಣುತ್ತಿತ್ತು; ಸ್ಪ್ರಿಂಗಿನ ಸುತ್ತ ಕಂದು ಬಣ್ಣದ ಪದರ ಕಟ್ಟಿಕೊಂಡಿತ್ತು. ಕೂಲೆಂಟ್ ಕಡಿಮೆಯಾದಾಗ ಬರಿಯ ನೀರು ತುಂಬಿಸಿದರೆ ಹೀಗಾಗುತ್ತದಂತೆ. ಹೊಸದನ್ನು ಹಾಕುವ ಮೊದಲು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ತಂತಿಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಎಂಬತ್ತು ದಾಟುತ್ತಿದ್ದಂತೆ ಬಾಗಿಲು ತೆರೆದುಕೊಳ್ಳುವುದನ್ನು ನನಗೆ ತೋರಿಸಿದರು. ಹೊಸ ಭಾಗವನ್ನೂ ಪರೀಕ್ಷಿಸದೆ ಕೂರಿಸುವುದಿಲ್ಲ ಎಂಬ ಈ ನಿಷ್ಠೆಗೆ ನಾನು ಮನಸಾರೆ ಗೌರವ ಸಲ್ಲಿಸುತ್ತೇನೆ.

ಇನ್ನು ಆಕ್ಸಿಜನ್ ಸೆನ್ಸರ್, ಅಂದರೆ ಬೇರೆ ಕಡೆ ಮೊದಲು ಬದಲಿಸಲು ಹೇಳಿದ್ದ ಭಾಗ. ಕೆಟ್ಟ ಆಕ್ಸಿಜನ್ ಸೆನ್ಸರನ್ನು ಸರಿಪಡಿಸಿದರೆ ಮೈಲೇಜ್ 40 ಶೇಕಡಾದವರೆಗೂ ಸುಧಾರಿಸಬಹುದೆಂಬ ಮಾತು ಅಮೆರಿಕದ ಇಂಧನ ಇಲಾಖೆಯ ಸಲಹೆಗಳಲ್ಲಿಯೇ ಇದೆ, ಮತ್ತು ಅದು ಸುಳ್ಳಲ್ಲ. ಆದರೆ ಅದು ಕೆಟ್ಟ ಸೆನ್ಸರಿನ ಮಾತು. ಸೆನ್ಸರ್ ಕೆಟ್ಟಿದೆಯೇ ಎಂಬುದು ಪರದೆಯ ಮೇಲೆ ಕಾಣುತ್ತದೆ. ಎಂಜಿನ್ ಬಿಸಿಯಾಗಿ ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಹಿಡಿದಾಗ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯುತ್ತಿರಬೇಕು. ವಯಸ್ಸಾದ ಸೆನ್ಸರ್ ಸೋಮಾರಿಯಾಗಿ ಏರಿ ಸೋಮಾರಿಯಾಗಿ ಇಳಿಯುತ್ತದೆ, ಸತ್ತದ್ದು ಒಂದೇ ಕಡೆ ನಿಲ್ಲುತ್ತದೆ. ನನ್ನದು ಚುರುಕಾಗಿಯೇ ಇತ್ತು.

ಅದರ ಕೆಳಗಿನ ಸಾಲಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ 7 ಶೇಕಡಾ ಹೆಚ್ಚು ಎಂದು ತೋರಿಸುತ್ತಿತ್ತು. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಏಳು ಶೇಕಡಾ ಹೆಚ್ಚು ಪೆಟ್ರೋಲ್ ಸುರಿಸುತ್ತಿದೆ ಎಂಬುದು ಇದರ ಅರ್ಥ. ಎಲ್ಲಿಂದಲೋ ಗಾಳಿ ಸೋರಿ ಒಳಬರುತ್ತಿದ್ದರೂ, ಫ್ಯುಯೆಲ್ ಪಂಪಿನ ಒತ್ತಡ ಇಳಿದಿದ್ದರೂ ಹೀಗಾಗಬಹುದು, ಹಾಗಾಗಿ ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಸುತ್ತಲಿನ ಹೋಸುಗಳನ್ನೂ ಪಂಪಿನ ಒತ್ತಡವನ್ನೂ ನೋಡಿದರು. ಅಲ್ಲಿ ದೋಷ ಸಿಗದಿದ್ದಾಗ ಅವರು ಹೇಳಿದ ಮಾತು: "ಇದು ಕಾಯಿಲೆ ಅಲ್ಲ ಸರ್, ಈಗಿನ ಪೆಟ್ರೋಲಿನ ಗುಣ." ಬಂಕಿನಲ್ಲಿ ಈಗ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು; ಎಥನಾಲಿನೊಳಗೇ ಆಮ್ಲಜನಕವಿರುವುದರಿಂದ ಅದಕ್ಕೆ 9 ಕಿಲೋ ಸಾಕು; 20 ಶೇಕಡಾ ಮಿಶ್ರಣಕ್ಕೆ ಸುಮಾರು 13.5. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಸಬೇಕಾದ್ದರಿಂದ ಹಳೆಯ ಕಾರಿನ ಟ್ರಿಮ್ ಮೇಲಕ್ಕೆ ಹೋಗುವುದು ಸಹಜ. ಇದನ್ನು ಅರಿಯದ ಕಡೆ ಆ ಏಳನ್ನು ಕಂಡು ಸೆನ್ಸರ್ ಬದಲಿಸಿದರೆ, ಹೊಸ ಸೆನ್ಸರ್ ಕೂಡ ಅದೇ ಏಳನ್ನು ತೋರಿಸುತ್ತದೆ.

ಮೈಲೇಜಿನ ಮೇಲೆ ಇದರ ಪರಿಣಾಮವೆಷ್ಟು ಎಂಬುದರ ಬಗ್ಗೆ ಊರಲ್ಲೆಲ್ಲ ಬಿಸಿಬಿಸಿ ಮಾತು ನಡೆಯುತ್ತಿರುವುದರಿಂದ ಅಂಕಿಗಳನ್ನು ಇಲ್ಲಿಯೇ ಕೊಡುತ್ತೇನೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ ಸುಮಾರು 21. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ 20 ಶೇಕಡಾ ಮಿಶ್ರಣದಲ್ಲಿ ಶಕ್ತಿ ಏಳು ಶೇಕಡಾದಷ್ಟು ಕಡಿಮೆ, 10 ಶೇಕಡಾ ಮಿಶ್ರಣಕ್ಕೆ ಹೋಲಿಸಿದರೆ ಮೂರೂವರೆ ಶೇಕಡಾದಷ್ಟು. ನೀತಿ ಆಯೋಗದ 2021ರ ವರದಿಯೂ, ಎಥನಾಲ್ ಇಲ್ಲದ ಪೆಟ್ರೋಲಿಗಾಗಿ ತಯಾರಾಗಿ 10 ಶೇಕಡಾಕ್ಕೆ ಹೊಂದಿಸಿದ ಕಾರುಗಳಲ್ಲಿ 6ರಿಂದ 7 ಶೇಕಡಾ ಇಳಿಕೆಯನ್ನು ಅಂದಾಜು ಮಾಡಿತ್ತು. ಇಳಿಕೆ ಇದೆ, ಅದನ್ನು ಇಲ್ಲವೆನ್ನಲಾಗದು, ಆದರೆ 15.5ರಿಂದ 11.8ಕ್ಕೆ ಬಿದ್ದದ್ದು 24 ಶೇಕಡಾ ಇಳಿಕೆ, ಅದನ್ನೆಲ್ಲ ಎಥನಾಲಿನ ತಲೆಗೆ ಕಟ್ಟಿ ಸುಮ್ಮನಾಗಿದ್ದರೆ ಜಾಮ್ ಆದ ಬ್ರೇಕಿನಲ್ಲಿಯೇ ಈ ಕಾರು ಇನ್ನೊಂದು ಸಲ ಘಾಟಿ ಇಳಿಯುತ್ತಿತ್ತು. ನನಗೆ ಈ ತಪಾಸಣೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ. ಇಂಧನ ಹೊಸತಾಗಿರುವುದರಿಂದ ಹೆದರಿ, ಎಲ್ಲ ದೋಷಕ್ಕೂ ಅದೊಂದೇ ಕಾರಣವೆಂದು ನಂಬುವುದು ಈಗ ಬಹಳ ಸುಲಭವಾಗಿದೆ.

ಏರ್ ಫಿಲ್ಟರ್ ಕೊಳೆಯಾಗಿತ್ತು, ಬದಲಿಸಿದರು, ಆದರೆ ಅದರಿಂದ ಮೈಲೇಜ್ ಬರುತ್ತದೆಂದು ಹೇಳಲಿಲ್ಲ. ಅದು ಸರಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ಅಧ್ಯಯನದಲ್ಲಿ ಕಂಡಂತೆ, ಇಂಜೆಕ್ಷನ್ ಇರುವ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ವೇಗ ಹಿಡಿಯುವ ಶಕ್ತಿ ಕುಂದುತ್ತದೆ, ಇಂಧನದ ಖರ್ಚು ಹೆಚ್ಚುವುದಿಲ್ಲ. ಕಾರ್ಬೊರೇಟರ್ ಇರುವ ಹಳೆಯ ಗಾಡಿಯಲ್ಲಿ ಮಾತ್ರ ಖರ್ಚೂ ಏರುತ್ತದೆ. ಪ್ಲಗ್ಗುಗಳ ಗ್ಯಾಪ್ ನೋಡಿ ಹಾಗೆಯೇ ಹಾಕಿದರು. ಕ್ಲಚ್ ಸ್ಲಿಪ್ ಇಲ್ಲವೆಂಬುದನ್ನು ನಾಲ್ಕನೆಯ ಗೇರಿನಲ್ಲಿ ಒತ್ತಿ ನೋಡಿ ಖಚಿತಪಡಿಸಿದರು. ಡೀಕಾರ್ಬನೈಸಿಂಗಿನ ಅಗತ್ಯ ಕಾಣುವುದಿಲ್ಲ ಎಂದರು. ಎಥನಾಲಿನಿಂದ ಹಳೆಯ ರಬ್ಬರ್ ಗಟ್ಟಿಯಾಗಿ ಬಿರುಕುಬಿಡಬಹುದಾದ್ದರಿಂದ ಪೆಟ್ರೋಲ್ ಹೋಸನ್ನು ಬಾಗಿಸಿ ನೋಡಿ, ಇದನ್ನು ಪ್ರತಿ ಸರ್ವಿಸಿನಲ್ಲಿಯೂ ತೋರಿಸಿ ಎಂದು ಬಿಲ್ಲಿನ ಮೇಲೆ ಬರೆದುಕೊಟ್ಟರು.

ಕೆಲಸವಾದ ಮೇಲೆ ಅದೇ ಬಂಕಿನ ಫುಲ್ ಟ್ಯಾಂಕ್ ಲೆಕ್ಕ, ಅದೇ ಓಟ, ಅದೇ ಎಸಿ ಬಳಕೆಯಲ್ಲಿ 14.4ಕ್ಕೆ ಬಂದಿದೆ. ಟೈರಿನ 2.8 ಶೇಕಡಾವನ್ನು ಸೇರಿಸಿದರೆ ನಿಜವಾದ ಅಂಕಿ 14.8. 10 ಶೇಕಡಾ ಮಿಶ್ರಣದ ಕಾಲದ ಹಳೆಯ 15.5ರಿಂದ ಎಥನಾಲಿನ ಮೂರೂವರೆ ಶೇಕಡಾವನ್ನು ಕಳೆದರೆ 15ಕ್ಕೆ ಕೂದಲೆಳೆಯಷ್ಟು ಕಡಿಮೆ. ಎರಡೂ ಅಂಕಿಗಳು ಇಷ್ಟು ಹತ್ತಿರ ಬಂದು ನಿಲ್ಲುತ್ತವೆಂದು ನಾನು ನಿರೀಕ್ಷಿಸಿರಲಿಲ್ಲ. ಯಜಮಾನರು ಈ ಲೆಕ್ಕವನ್ನು ಎಮಿಷನ್ ಚೀಟಿಯ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಹಾಕಿ, ಉಳಿದ ಚೂರು ವ್ಯತ್ಯಾಸಕ್ಕೆ ಇನ್ನೇನನ್ನೂ ಬಿಚ್ಚಬೇಕಾಗಿಲ್ಲ ಎಂದರು.

ಖರ್ಚಿನ ವಿವರ: ತಪಾಸಣೆಗೆ 800 ರೂಪಾಯಿ, ಥರ್ಮೋಸ್ಟ್ಯಾಟಿಗೆ 650, ಕೂಲೆಂಟಿಗೆ 900, ಕ್ಯಾಲಿಪರ್ ಪಿನ್ನಿನ ಕಿಟ್ ಮತ್ತು ಗ್ರೀಸಿಗೆ 350, ಕೂಲಿ 1,200, ಒಟ್ಟು 3,900. ಫಿಲ್ಟರನ್ನು ನಾನೇ ತಂದುಕೊಟ್ಟಿದ್ದೆ. ಏನೂ ದೋಷ ಸಿಗದಿದ್ದರೂ 800 ಕೊಡಬೇಕೆಂದು ಮೊದಲೇ ಹೇಳಿರುತ್ತಾರೆ, ಇದನ್ನು ಕೇಳಿ ಮುಖ ಸಿಂಡರಿಸಿಕೊಂಡು ಹೋಗುವ ಗಿರಾಕಿಗಳೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ತಪಾಸಣೆ ಉಚಿತವಾದಲ್ಲಿ ಮೆಕ್ಯಾನಿಕ್ ತನ್ನ ಹೊತ್ತಿನ ಬೆಲೆಯನ್ನು ಬಿಡಿಭಾಗದಲ್ಲಿಯೇ ವಸೂಲು ಮಾಡಬೇಕಾಗುತ್ತದೆ, ಆಗ ಏನನ್ನಾದರೂ ಬದಲಿಸದೆ ಅವನಿಗೆ ಗಿಟ್ಟುವುದಿಲ್ಲ. ಇಲ್ಲಿ ಬದಲಿಸಬೇಡಿ ಎಂದು ಹೇಳಿದರೂ ಅವರಿಗೆ ನಷ್ಟವಿಲ್ಲ, ಆ ಕಾರಣಕ್ಕೇ ಹೇಳಲು ಧೈರ್ಯವಿದೆ.

ಕೊರತೆಗಳನ್ನೂ ಹೇಳಬೇಕು. ಗಾಡಿ ಬಿಟ್ಟರೆ ಸಂಜೆಯೊಳಗೆ ಸಿಗುತ್ತದೆಂಬ ಆಸೆ ಬೇಡ; ಯಜಮಾನರೇ ಎಲ್ಲವನ್ನೂ ನೋಡುವುದರಿಂದ ಸರದಿ ನಿಧಾನ, ಮತ್ತು ತಡವಾಗುತ್ತದೆಂದು ಫೋನ್ ಮಾಡಿ ತಿಳಿಸುವ ರೂಢಿ ಅವರಿಗಿಲ್ಲ. ಇದು ಸರಿಯಾಗಬೇಕು, ಕೆಲಸಕ್ಕೆ ಹೋಗುವವರಿಗೆ ನಿಜವಾಗಿಯೂ ಕಷ್ಟವಾಗುತ್ತದೆ. ವೀಲ್ ಅಲೈನ್‌ಮೆಂಟ್ ಯಂತ್ರವಿಲ್ಲ, ಅದಕ್ಕೆ ಬೇರೆ ಕಡೆ ಕಳಿಸುತ್ತಾರೆ. ಬಿಲ್ ಕೈಬರಹದ್ದು, ಭಾಗಗಳ ವಾರಂಟಿ ಬೇಕಾದರೆ ಅಂಗಡಿಯ ಬಿಲ್ಲನ್ನು ಕೇಳಿ ಪಡೆದುಕೊಳ್ಳಬೇಕು. ಕೂರಲು ಒಂದು ಬೆಂಚು ಬಿಟ್ಟರೆ ಬೇರೆ ವ್ಯವಸ್ಥೆಯಿಲ್ಲ, ಜೋರು ಮಳೆಗೆ ಅಡ್ಡರಸ್ತೆಯಲ್ಲಿ ನೀರು ನಿಲ್ಲುತ್ತದೆ. ಡೀಸೆಲ್ ಕಾರಿನ ಇಂಜೆಕ್ಟರ್ ಮತ್ತು ಪಂಪ್ ಕೆಲಸವನ್ನು ಅವರು ತೆಗೆದುಕೊಳ್ಳುವುದೇ ಇಲ್ಲ, ಅದಕ್ಕೆ ಬೇಕಾದ ಟೆಸ್ಟ್ ಬೆಂಚ್ ತಮ್ಮಲ್ಲಿಲ್ಲವೆಂದು ನೇರವಾಗಿ ಹೇಳಿ ಕಳಿಸುತ್ತಾರೆ. ಕೆಲವು ಯುರೋಪಿಯನ್ ಕಾರುಗಳ ಮಟ್ಟಿಗೆ ಅವರ ಸ್ಕ್ಯಾನರ್ ಪೂರ್ತಿ ಡೇಟಾ ತೋರಿಸುವುದಿಲ್ಲ, ಹಾಗಾಗಿ ಮಾದರಿ ಮತ್ತು ವರ್ಷ ಹೇಳಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೋಗುವವರು ಫುಲ್ ಟ್ಯಾಂಕಿನ ಎರಡು ಬಿಲ್ಲುಗಳನ್ನೂ ಓಡೋಮೀಟರಿನ ಅಂಕಿಗಳನ್ನೂ ಹಳೆಯ ಎಮಿಷನ್ ಚೀಟಿಗಳನ್ನೂ ಹಿಡಿದುಕೊಂಡು ಹೋದರೆ ಒಂದು ಭೇಟಿ ಉಳಿಯುತ್ತದೆ. ಹತ್ತಿರದವರಾದರೆ ಗಾಡಿಯನ್ನು ಹಿಂದಿನ ದಿನ ಸಂಜೆಯೇ ಅಲ್ಲಿ ನಿಲ್ಲಿಸಿ ಬರುವುದು ಉತ್ತಮ, ಏಕೆಂದರೆ ರಾತ್ರಿಯಿಡೀ ತಣ್ಣಗಾದ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆದಲ್ಲಿಂದ ಪೂರ್ತಿ ಬಿಸಿಯಾಗುವವರೆಗಿನ ಏರಿಕೆಯನ್ನು ಅವರು ಸ್ಕ್ಯಾನರಿನಲ್ಲಿ ನೋಡಬಯಸುತ್ತಾರೆ, ಓಡಿಸಿಕೊಂಡು ಬಂದ ಗಾಡಿಯಲ್ಲಿ ಅದು ಸಿಗುವುದಿಲ್ಲ.